ಪಿಳ್ಳಣ್ಣ ಅಂದರೆ ಏನರ್ಥ?

ಹೆಣ್ಣು ನೋಡಲು ಹೋದ ಕಡೆ ಗಂಡಿನವರು ಪ್ರಶ್ನೆ ಕೇಳುವುದು, ಹೆಣ್ಣು ತಲೆ ತಗ್ಗಿಸಿ ಉತ್ತರ ಹೇಳುವುದು ಲೋಕರೂಢಿ. ಹಾಡು ಬರುತ್ತಾ, ಮುದ್ದೆ ತಿರುವೋಕೆ ಬರುತ್ತಾ, ಒಂದು ಸಲ ಎದ್ದು ನಡೆದು ತೋರಿಸಮ್ಮ. ನನ್ನನ್ನು ನೋಡಲು ಬಂದವರು ನಾಲಗೆ ಚಾಚಿಸಲಿಲ್ಲ ಅಷ್ಟೆ, ಉಳಿದದ್ದೆಲ್ಲ ಮಾಡಿಸಿದ್ದರು. ನಮ್ಮಣ್ಣನಿಗೆ ಹೆಣ್ಣು ನೋಡಲು ಹೋದ ದಿನ ಮಾತ್ರ ಹುಡುಗಿಯೇ ತಲೆಯೆತ್ತಿ ಪ್ರಶ್ನೆ ಕೇಳಿದಳು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿ ನಮ್ಮ ಮನೆಯವರಿಗೆಲ್ಲ ಸಾಕೋ ಸಾಕಾಯಿತು.

ದೊಡ್ಡ ಯುದ್ಧ ಮುಗಿದ ಮರುವರ್ಷದ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿದ್ದವರು ಅವ್ವ ಮಾರಕ್ಕ, ಅಣ್ಣ ಪಿಳ್ಳಣ್ಣ. ನಾನು ಆದಿಲಕ್ಷ್ಮಮ್ಮ, ಅಣ್ಣನಿಗಿಂತ ಚಿಕ್ಕವಳು. ನನ್ನನ್ನು ಕೊಟ್ಟಿದ್ದು ಅದೇ ಊರಿನ ಪಕ್ಕದ ಬೀದಿಗೆ. ಹಾಗಾಗಿ ನನ್ನ ಒಂದು ಕಾಲು ಯಾವಾಗಲೂ ತವರಿನಲ್ಲಿರುತ್ತಿತ್ತು. ಎರಡೂ ಕಾಲು ಅಲ್ಲೇ ಇರುತ್ತವೆ ಎಂದು ನಮ್ಮ ಯಜಮಾನರ ದೂರು.

ಅಣ್ಣ ಬಾಗಿಲು ದಾಟುವಾಗ ಬಗ್ಗಬೇಕಾದಷ್ಟು ಎತ್ತರದ ಆಳು. ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತರೆ ಸಂಜೆಯವರೆಗೂ ಲಾಳಿಯ ಸದ್ದೇ ಹೊರತು ಅವನ ಸದ್ದಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಆವತ್ತು ಏನೋ ವಿಶೇಷ ಅಂತ ಲೆಕ್ಕ. ವಯಸ್ಸು ಮೀರುತ್ತಿತ್ತು. ನೋಡಿದ ಹೆಣ್ಣುಗಳನ್ನೆಲ್ಲ "ಹೂಂ" ಅಂತಲೂ ಹೇಳದೆ "ಊಹೂಂ" ಅಂತಲೂ ಹೇಳದೆ ಬಿಟ್ಟು ಬಂದಿದ್ದ. ಈ ಸಲ ನಾನೇ ಹಟ ಹಿಡಿದು ಹಿಂದೂಪುರದ ಕಡೆಯ ಸಂಬಂಧ ಹುಡುಕಿ ರೈಲು ಹತ್ತಿಸಿದ್ದೆ. ಆ ಹಳ್ಳಿಯಲ್ಲಿ ನಮ್ಮ ಜನ ಮನೆಯೊಳಗೆ ಕನ್ನಡ ಆಡುತ್ತಾರೆ, ಹೊಸ್ತಿಲು ದಾಟಿದರೆ ತೆಲುಗು.

ಬೆಲ್ಲದ ಕಾಫಿ ಕೊಟ್ಟರು. ಹುಡುಗಿಯ ಅಜ್ಜಿ ಗಂಡಿನ ಹೆಸರು ಕೇಳಿದಳು. "ಪಿಳ್ಳಣ್ಣ" ಅಂದೆ. ಬಾಗಿಲ ಹಿಂದೆ ಹುಡುಗಿಯರ ದಂಡೇ ನಿಂತಿತ್ತು. ಅದರಲ್ಲೊಂದು ಕೋತಿ, "ಪಿಲ್ಲನ್ನಿ ಚೂಸೇಕಿ ಪಿಲ್ಲ ವಚ್ಚಿಂದಿ!" ಎಂದು ಕಿರುಚಿತು. ಮನೆಯೆಲ್ಲ ಗೊಳ್ಳೆಂದಿತು. ತೆಲುಗಿನಲ್ಲಿ ಪಿಲ್ಲ ಅಂದರೆ ಹುಡುಗಿ. ಹುಡುಗಿಯನ್ನು ನೋಡಲು ಹುಡುಗಿ ಬಂದಿದ್ದಾಳೆ ಅಂದ ಹಾಗಾಯಿತು. ಆರಡಿ ಆಳು, ಮೀಸೆ ಹೊತ್ತ ನಮ್ಮಣ್ಣ ಲೋಟ ಹಿಡಿದುಕೊಂಡು ನೆಲ ನೋಡಿದ. ನನಗೆ ಮೈ ಉರಿದುಹೋಯಿತು. ನಮ್ಮ ಸೀಮೆಯಲ್ಲಿ ಪಿಳ್ಳಪ್ಪ, ಪಿಳ್ಳಣ್ಣ, ಪಿಳ್ಳಮ್ಮ ಬೀದಿಗೊಬ್ಬರಿದ್ದಾರೆ. ಯಾರೂ ಯಾರನ್ನೂ ಅರ್ಥ ಕೇಳಿದವರಲ್ಲ.

ಆಗ ಚಾಪೆಯ ಮೇಲೆ ಕೂತಿದ್ದ ಹುಡುಗಿ ತಲೆಯೆತ್ತಿದಳು. ಅವಳು ನಕ್ಕಿರಲಿಲ್ಲ.

"ನನ್ನ ಹೆಸರು ಅಶ್ವತ್ಥಮ್ಮ. ನಮ್ಮವ್ವ ಅಶ್ವತ್ಥಕಟ್ಟೆ ಸುತ್ತಿ ಸುತ್ತಿ ನನ್ನ ಹೆತ್ತಿದ್ದು. ಆ ಮರದ ಬುಡದಾಗೆ ಬ್ರಹ್ಮ, ನಡುವೆ ವಿಷ್ಣು, ತುದೀಲಿ ಶಿವ ಅವ್ರಂತೆ. ನಿಮ್ಮ ಹೆಸರಿಗೇನು ಕಥೆ?" ಎಂದು ನೇರವಾಗಿ ಅಣ್ಣನನ್ನೇ ಕೇಳಿದಳು.

ಅವಳಪ್ಪ ಬೈರಣ್ಣ, "ಲೇ, ಬಾಯ್ಮುಚ್ಚೇ" ಅಂದ.

"ಬ್ಯಾಡ ಅಂತಿಲ್ಲಪ್ಪ. ನಾಳೆ ಊರೆಲ್ಲ ಹಿಂಗೇ ನಗ್ತದೆ. ನಗೋರ ಬಾಯಿ ಮುಚ್ಚಿಸೋಕೆ ನಂಗೊಂದು ಅರ್ಥ ಬೇಕು. ಅರ್ಥ ಹೇಳ್ಲಿ, ಒಪ್ಕೋತೀನಿ. ಸುಮ್ಕೆ ನಗಿಸ್ಕೊಂಡು ಬಾಳೋಕೆ ನನ್ ಕೈಲಾಗಲ್ಲ."

ಬೈರಣ್ಣನಿಗೆ ಇಕ್ಕಟ್ಟು. ಹುಡುಗಿಯ ಸೋದರಮಾವನೂ ತನ್ನ ಮಗನಿಗೆ ಕೇಳುತ್ತಿದ್ದನಂತೆ. ಮಗಳ ಮೇಲೆ ಪ್ರಾಣ, ಮಗಳ ನಾಲಗೆಯ ಮೇಲೆ ಹೆದರಿಕೆ. ಬರುವ ಷಷ್ಠಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ತೀರಿಸಲು ಬರುತ್ತೇವೆ, ಅಲ್ಲಿ ಉತ್ತರ ಹೇಳಿ, ಅವಳು ಒಪ್ಪಿದರೆ ಅಲ್ಲೇ ತಾಂಬೂಲ ಬದಲಾಯಿಸೋಣ, ಇಲ್ಲದಿದ್ದರೆ ಸೋದರಮಾವನಿಗೆ ಮಾತು ಕೊಟ್ಟುಬಿಡುತ್ತೇನೆ ಎಂದು ತೀರ್ಮಾನ ಹೇಳಿ ಕಳಿಸಿದ.

ವಾಪಸು ರೈಲಿನಲ್ಲಿ ನಾನು ಆ ಹುಡುಗಿಯನ್ನೂ ಅವಳ ಊರನ್ನೂ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಮಾಕಳಿದುರ್ಗದ ಬೆಟ್ಟ ಕಿಟಕಿಯಲ್ಲಿ ತಿರುಗುತ್ತಿತ್ತು. ಅಣ್ಣ ಅದನ್ನೇ ನೋಡುತ್ತಿದ್ದವನು, "ಲಕ್ಷ್ಮೀ, ನಂಗೆ ಆ ಹುಡುಗೀನೇ ಬೇಕು" ಅಂದ.

ನಾನು ಬಾಯಿ ಮುಚ್ಚಿದೆ. ಇಷ್ಟು ವರ್ಷದಲ್ಲಿ ಅವನು ಇದು ಬೇಕು ಎಂದು ಕೇಳಿದ್ದನ್ನು ನಾನು ಕೇಳಿರಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅದ್ಸರಿ, ನನ್ನ ಹೆಸರಿಗೆ ಏನೇ ಅರ್ಥ?" ಎಂದ.

ಮನೆಗೆ ಬಂದವನೇ ಅವ್ವನನ್ನು ಕೇಳಿದ. ಅವ್ವ ರಾಟೆ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟೆ ಗಕ್ಕನೆ ನಿಂತಿತು.

"ಹೆಸರಿಗೇನ್ಲಾ ಅರ್ಥ? ನಿಮ್ಮಪ್ಪನ ಕಡೆ ಯಾರೋ ಇದ್ರು, ಇಟ್ವಿ."

"ಯಾರು?"

"ಸತ್ತೋದ್ರು."

"ಅದೇ, ಯಾರು ಅಂತ?"

"ಸತ್ತೋರ ವಿಷ್ಯ ದೀಪ ಹಚ್ಚೋ ಹೊತ್ನಾಗೆ ಎತ್ತಬ್ಯಾಡ ಅಂತ ಎಷ್ಟ್ ಸಲ ಹೇಳೋದು?" ಎಂದು ಗದರಿ ಅವ್ವ ರಾಟೆ ತಿರುಗಿಸಿದಳು. ಎಳೆ ಪಟ್ಟೆಂದು ಕಡಿಯಿತು. ನಮ್ಮವ್ವನ ಕೈಯಲ್ಲಿ ಎಳೆ ಕಡಿದದ್ದು ನಾನು ಕಂಡದ್ದು ಅಪರೂಪ. ವಯಸ್ಸಾಯಿತು, ಕಣ್ಣು ಮಂಜು ಅಂದುಕೊಂಡೆ. ಎಷ್ಟು ಕೆದಕಿದರೂ ಅವಳ ಬಾಯಿಂದ ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ.

ಅಲ್ಲಿಂದ ಅಣ್ಣನಿಗೆ ಹೆಸರಿನ ಹುಚ್ಚು ಹಿಡಿಯಿತು. ನಮ್ಮ ಬೀದಿಯ ಭಜನೆಮನೆಯಲ್ಲಿ ಆದಿನಾರಾಯಣಪ್ಪ ಮೇಷ್ಟ್ರು ಸಂಜೆ ಹೊತ್ತು ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಅಣ್ಣ ಆ ಕಡೆ ತಲೆ ಹಾಕಿದವನೇ ಅಲ್ಲ. ಈಗ ಮಗ್ಗ ನಿಲ್ಲಿಸಿ, ಮುಖ ತೊಳೆದು, ಮೊದಲ ಸಾಲಿನಲ್ಲಿ ಹೋಗಿ ಕೂರತೊಡಗಿದ. ಹಿಂದೆ ಕೂತವರಿಗೆ ಮೇಷ್ಟ್ರ ಮುಖವೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಹೋದರೆ ಸಾಕು, ಲಾಳಿ ಎಸೆಯುತ್ತಲೇ ಶುರು ಮಾಡುತ್ತಿದ್ದ.

"ಘಟೋತ್ಕಚ ಅಂದ್ರೆ ಗಡಿಗೆ ತಲೆಯೋನು ಅಂತ ಕಣೇ. ಹುಟ್ಟಿದಾಗ ತಲೇಲಿ ಕೂದ್ಲೇ ಇರ್ಲಿಲ್ವಂತೆ. ಕುಂಭಕರ್ಣನ್ಗೆ ಕೊಡದಂಗಿರೋ ಕಿವಿ. ಕೃತ್ತಿಕೆಯರು ಅಂತ ಆರು ಜನ ಸಾಕಿದ್ದಕ್ಕೆ ನಮ್ಮ ಘಾಟಿ ಸ್ವಾಮಿಗೆ ಕಾರ್ತಿಕೇಯ ಅಂತ ಹೆಸರು. ಗೊತ್ತಿತ್ತಾ ನಿಂಗೆ? ರಾಕ್ಷಸರಿಗೂ ಅರ್ಥ ಐತೆ. ನಂಗೊಬ್ಬನಿಗಿಲ್ಲ."

ಮೂಕನಿಗೆ ಮಾತು ಬಂದರೆ ಸಂತೋಷ ಪಡಬೇಕು ನಿಜ. ಆದರೆ ದಿನವೂ ಬೆಳಿಗ್ಗೆ ಎದ್ದು ಘಟೋತ್ಕಚನ ತಲೆಕೂದಲಿನ ವಿಚಾರ ಯಾರಿಗೆ ಬೇಕು? ಆದರೂ ಅವನ ಮುಖದಲ್ಲಿ ಆಗ ಇದ್ದ ಕಳೆ ನನಗೆ ಇಷ್ಟವಾಗುತ್ತಿತ್ತು. ನೂಲಿನ ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂದು ನೋಡುವ ಕಣ್ಣು ಅವನದು. ಹೆಸರುಗಳನ್ನೂ ಹಾಗೇ ಬಿಡಿಸುತ್ತಿದ್ದ.

ಮೇಷ್ಟ್ರು ಒಂದು ದಿನ ಅವನ ಹೆಸರಿಗೂ ಅರ್ಥ ಹುಡುಕಿಕೊಟ್ಟರು. "ಪಿಳ್ಳಂಗೋವಿ ಅಂದ್ರೆ ಕೊಳಲು. ಶ್ರೀಕೃಷ್ಣನ ತುಟಿ ಮುಟ್ಟಿದ್ದು. ಪಿಳ್ಳಣ್ಣ ಅಂದ್ರೆ ಕೊಳಲಣ್ಣ!" ಅಣ್ಣ ಕುಣಿಯುತ್ತಾ ಬಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ? "ಹಂಗಾದ್ರೆ ಪಿಳ್ಳೆ ನೆವ ಅಂತೀವಲ್ಲ, ಕೆಲಸ ತಪ್ಪಿಸ್ಕೊಳ್ಳೋಕೆ ಹೇಳೋ ಸಣ್ಣ ನೆವ, ಅದೂ ಕೊಳಲೇನಾ?" ಅಂದೆ. ಮೇಷ್ಟ್ರನ್ನೇ ಹೋಗಿ ಕೇಳಿದ. ಅವರು ಪಾಪ, ಸುಳ್ಳು ಹೇಳುವ ಜಾತಿಯವರಲ್ಲ. ಪಿಳ್ಳೆ ಎಂದರೆ ಸಣ್ಣದು ಅಂತಲೂ ಒಂದರ್ಥ ಉಂಟು ಎಂದು ಒಪ್ಪಿಕೊಂಡರು. ಆರಡಿ ಮನುಷ್ಯ 'ಸಣ್ಣಣ್ಣ' ಆಗಿ ಮನೆಗೆ ಬಂದ. ಹೆಸರು ಕ್ಷೀರಸಾಗರಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಅನ್ನುವುದರ ತಿರುವುಮುರುವು.

ಅದಾದ ಮೇಲೆ ಸೇಲಂನಿಂದ ಒಬ್ಬ ನೂಲಿನ ವ್ಯಾಪಾರಿ ಬಂದ. ಅಣ್ಣನ ಹೆಸರು ಕೇಳಿದ್ದೇ ಎರಡೂ ಕೈ ಎತ್ತಿ ಮುಗಿದ. "ಪಿಳ್ಳೈಯಾರ್! ನಮ್ಮ ಊರಲ್ಲಿ ವಿನಾಯಕನ್ಗೆ ಅದೇ ಪೇರು!" ತಮಿಳಿನಲ್ಲಿ ಪಿಳ್ಳೆ ಎಂದರೆ ಮಗ, ಶಿವಪಾರ್ವತಿಯರ ಮಗ ಪಿಳ್ಳೈಯಾರ್. ಇದಕ್ಕಿಂತ ದೊಡ್ಡ ಅರ್ಥ ಬೇಕೆ? ಅಣ್ಣ ಎರಡು ದಿನ ಆನೆ ನಡೆದಂತೆ ನಡೆದ. ಮೂರನೆಯ ದಿನ ಅದೇ ವ್ಯಾಪಾರಿಯನ್ನು ಪಿಳ್ಳೈಯಾರಿನ ಕಥೆ ಪೂರ್ತಿ ಹೇಳು ಎಂದು ಕೂರಿಸಿಕೊಂಡ. ಅಲ್ಲಿಗೆ ಕೆಟ್ಟಿತು. ಅವರ ಕಡೆ ಪಿಳ್ಳೈಯಾರಿಗೆ ಮದುವೆಯೇ ಇಲ್ಲವಂತೆ. ಎಂಥ ಹೆಣ್ಣು ಬೇಕಪ್ಪಾ ಎಂದು ಪಾರ್ವತಿ ಕೇಳಿದಳಂತೆ, ನಿನ್ನಂಥವಳೇ ಬೇಕು ಅಂದನಂತೆ. ಹಾಗಾದರೆ ಹುಡುಕಿಕೋ ಹೋಗು ಎಂದು ಅವಳು ಕಳಿಸಿದ್ದಕ್ಕೆ ಇವತ್ತಿಗೂ ಕೆರೆ ಏರಿ ಮೇಲೆ, ಹೊಳೆ ದಡದಲ್ಲಿ ಕೂತು ನೀರಿಗೆ ಬರುವ ಹೆಂಗಸರ ಮುಖ ನೋಡುತ್ತಿದ್ದಾನಂತೆ. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಅಣ್ಣ ನಗಲಿಲ್ಲ. ಷಷ್ಠಿಗೆ ಒಂದು ವಾರ ಉಳಿದಿತ್ತು.

"ಗಫಾರನ್ನ ಒಬ್ಬನ್ನ ಕೇಳಿಲ್ಲ" ಅಂದ.

ಗಫಾರ್ ನಮ್ಮ ಹಿಂದಿನ ಬೀದಿಯವನು, ನೂಲಿಗೆ ಬಣ್ಣ ಹಾಕುವ ಕೆಲಸ. ಅಣ್ಣನೂ ಅವನೂ ಚಡ್ಡಿ ಹಾಕದ ಕಾಲದಿಂದ ಸ್ನೇಹಿತರು. ಅವನ ಕೈ ಮೊಣಕೈವರೆಗೂ ಯಾವಾಗಲೂ ಒಂದೊಂದು ಬಣ್ಣ. ಆವತ್ತು ಹಸಿರು. ವಿಷಯ ಕೇಳಿ, ಬಣ್ಣದ ಹಂಡೆಯನ್ನು ಕೋಲಿನಿಂದ ಸುಮ್ಮನೆ ತಿರುಗಿಸಿದ, ಕೆಮ್ಮಿದ, ಇವತ್ತು ಬಿಸಿಲು ಜಾಸ್ತಿ ಅಂದ.

"ಗಫಾರಣ್ಣ, ಗೊತ್ತಿದ್ರೆ ಹೇಳು, ಇಲ್ಲಾ ಗೊತ್ತಿಲ್ಲ ಅನ್ನು. ಹಂಡೆ ತಿರುಗಿಸ್ಬೇಡ" ಎಂದು ನಾನು ಗದರಿದೆ.

"ಬೇಜಾರ್ ಮಾಡ್ಕೋಬಾರ್ದು ಪಿಳ್ಳ. ನಮ್ಮ ಮಾತಲ್ಲಿ ಪಿಲ್ಲಾ ಅಂದ್ರೆ..." ಎಂದು ನಿಲ್ಲಿಸಿ, ನನ್ನ ಮುಖ ನೋಡಿ, "ಕುತ್ತೇಕಾ ಬಚ್ಚಾ. ನಾಯಿಮರಿ" ಅಂದ.

ಅಣ್ಣ ಅವನ ಕೈಯಿಂದ ಕೋಲು ಕಿತ್ತು ಪಕ್ಕಕ್ಕಿಟ್ಟ. ಆಮೇಲೆ, "ಇಷ್ಟು ವರ್ಷ ಯಾಕ್ಲಾ ಹೇಳ್ಲಿಲ್ಲ?" ಎಂದು ಕೇಳಿದ.

"ಚಿಕ್ಕೋನಿದ್ದಾಗ ಒಂದ್ಸಲ ಹೇಳೋಕೆ ಹೋಗಿದ್ದೆ ಕಣೋ. ನಮ್ಮ ಅಜ್ಜಿ ಕಪಾಳಕ್ಕೆ ಬಿಟ್ಟಳು. ಆ ಮಾತು ಅವನ ಕಿವಿಗೆ ಬಿದ್ರೆ ನಾಲಿಗೆ ಸೀಳ್ತೀನಿ ಅಂದ್ಳು. ಆಮೇಲೆ ನಾನು ಬಾಯಿ ಬಿಡ್ಲಿಲ್ಲ."

ಒಂದು ಭಾಷೆಯಲ್ಲಿ ಹುಡುಗಿ, ಇನ್ನೊಂದರಲ್ಲಿ ಸಣ್ಣವನು, ಮತ್ತೊಂದರಲ್ಲಿ ಮದುವೆಯಾಗದೆ ಕೂತವನು, ಕೊನೆಗೆ ನಾಯಿಮರಿ. ನಾಲ್ಕು ಮಾತಿನ ಸೀಮೆಯಲ್ಲಿ ಹುಟ್ಟಿದ್ದಕ್ಕೆ ದಂಡ ತೆತ್ತ ಹಾಗಾಯಿತು. ಅಣ್ಣ ಎರಡು ದಿನ ಮಗ್ಗಕ್ಕೆ ಇಳಿಯಲಿಲ್ಲ. ಮೂರನೆಯ ದಿನ ಮೇಷ್ಟ್ರ ಮನೆಗೆ ಹೋಗಿ, ನನಗೆ ಬೇರೆ ಹೆಸರಿಡಿ ಎಂದು ಕೇಳಿದನಂತೆ. ಮೇಷ್ಟ್ರಿಗೆ ಉತ್ಸಾಹ ಉಕ್ಕಿತು. ಕೃಷ್ಣನ ಮಗ ಪ್ರದ್ಯುಮ್ನನ ಹೆಸರು ಆರಿಸಿದರು. ಹುಟ್ಟಿದ ಕೆಲವೇ ದಿನಕ್ಕೆ ರಾಕ್ಷಸನೊಬ್ಬ ಕದ್ದೊಯ್ದು ಸಮುದ್ರಕ್ಕೆಸೆದ ಮಗು, ಮೀನಿನ ಹೊಟ್ಟೆಯಲ್ಲಿ ಬದುಕಿ ಉಳಿದ ಮಗು. ಅಣ್ಣನಿಗೆ ಕಥೆ ಬಹಳ ಹಿಡಿಸಿತು. ನಮಗೆ ಹೆಸರು ಬಾಯಿಗೆ ಹಿಡಿಸಲಿಲ್ಲ. ಗಫಾರ್ "ಪರ್ದುಮನ್" ಅಂದ. ನಾನು ಎಷ್ಟು ತಿಣುಕಿದರೂ "ಪದ್ದಣ್ಣ" ಎಂದೇ ಬರುತ್ತಿತ್ತು. ಘಾಟಿಯಲ್ಲೇ, ಹುಡುಗಿಯ ಕಡೆಯವರ ಎದುರಿಗೇ, ಸ್ವಾಮಿಯ ಸನ್ನಿಧಿಯಲ್ಲಿ ಹೆಸರಿಡುವುದು ಎಂದು ನಿಶ್ಚಯವಾಯಿತು. ಅವ್ವನಿಗೆ ಮಾತ್ರ ಹೇಳಬೇಡ ಎಂದ. ಅವ್ವ ಗಲಾಟೆ ಮಾಡುತ್ತಾಳೆಂದು ನನಗೂ ಗೊತ್ತಿತ್ತು. ಎಷ್ಟು ಗಲಾಟೆ ಎಂದು ಗೊತ್ತಿರಲಿಲ್ಲ.

ಷಷ್ಠಿಯ ಬೆಳಿಗ್ಗೆ ಗಫಾರ್ ತನ್ನ ಚಿಕ್ಕಪ್ಪನ ಜಟಕಾ ಕಟ್ಟಿಕೊಂಡು ಬಂದ, ಮೇಷ್ಟ್ರೂ ನಮ್ಮ ಜೊತೆ ಹತ್ತಿದರು. ಹುಡುಗಿಯ ಕಡೆಯವರು ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ಇಳಿದು ನಮಗಿಂತ ಮುಂಚೆಯೇ ಬಂದು ಕಾದಿದ್ದರು. ಅಶ್ವತ್ಥಮ್ಮ ಹಸಿರು ಸೀರೆ ಉಟ್ಟಿದ್ದಳು. ಅಣ್ಣನನ್ನು ಕಂಡು ಅರೆಗಳಿಗೆ ನಕ್ಕಳು. ಇವಳಿಗೂ ಇವನು ಬೇಕು ಎಂದು ನನಗೆ ಆಗಲೇ ಅನ್ನಿಸಿತು. ಬೇಕಿದ್ದವಳು ಪ್ರಶ್ನೆ ಯಾಕೆ ಕೇಳಿದಳೋ ಎಂದು ಸಿಟ್ಟೂ ಬಂತು.

ಅವ್ವ ಪ್ರದಕ್ಷಿಣೆಗೆ ಹೋದಳು. ನಾಗರಕಲ್ಲುಗಳ ಸಾಲಿನ ಪಕ್ಕ, ಅರಳಿಮರದ ನೆರಳಿನಲ್ಲಿ ಮೇಷ್ಟ್ರು ಬೇಗಬೇಗ ತಟ್ಟೆಯಲ್ಲಿ ಅಕ್ಕಿ ಹರಡಿದರು. ಅಣ್ಣನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಅಷ್ಟುದ್ದದ ಆಳು ಮಗುವಿನ ಹಾಗೆ ಕೈಕಟ್ಟಿ ಕೂತದ್ದನ್ನು ನೋಡಿ ಹರಕೆಗೆ ಬಂದವರೆಲ್ಲ ನಿಂತರು. ಮೇಷ್ಟ್ರು ಅಕ್ಕಿಯಲ್ಲಿ ಉಂಗುರದ ಬೆರಳಿನಿಂದ 'ಪ್ರ' ಎಂದು ಬರೆದರು. ಅಷ್ಟರಲ್ಲಿ ಅವ್ವ ಸುತ್ತು ಮುಗಿಸಿ ಬಂದಳು.

"ಏನಯ್ಯಾ ಮಾಡ್ತಾ ಇದೀಯ?"

"ನಿಮ್ಮ ಮಗನಿಗೆ ನಾಮಕರಣ ಮಾರಕ್ಕ. ಇವತ್ತಿನಿಂದ ಇವನು..."

ಅವರು ಮಾತು ಮುಗಿಸಲಿಲ್ಲ. ಅವ್ವ ಕಾಲಿನಿಂದಲೋ ಕೈಯಿಂದಲೋ, ತಟ್ಟೆಯನ್ನು ಹಾರಿಸಿಬಿಟ್ಟಳು. ಅಕ್ಕಿ ನಾಗರಕಲ್ಲುಗಳ ಮೇಲೆಲ್ಲ ಚೆಲ್ಲಿತು. ಸಾಲಿನಲ್ಲಿ ನಿಂತು ತಂದ ರೇಷನ್ ಅಕ್ಕಿ! ನನಗೆ ಮೊದಲು ಹೊಳೆದದ್ದು ಅದೇ.

"ಹೆಸರಿಡಬ್ಯಾಡ ಕಣಯ್ಯ, ನನ್ ಮಗನ್ಗೆ ಹೆಸರಿಡಬ್ಯಾಡ! ಜವರಾಯ ಕೇಳ್ಸ್ಕೋತಾನೆ!" ಎಂದು ಕೂಗಿ ಅವ್ವ ಅಲ್ಲೇ ಕುಸಿದು ಕೂತಳು. ಎರಡೂ ಕೈಯಿಂದ ಅಣ್ಣನ ಕಿವಿ ಮುಚ್ಚಿ ಹಿಡಿದಿದ್ದಳು.

ಬೈರಣ್ಣ ಗಾಬರಿಯಾಗಿ ಹಿಂದೆ ಸರಿದ. ಇದೆಂಥ ಮನೆ ಎಂದು ಅವನು ಅಂದುಕೊಂಡದ್ದು ಮುಖದಲ್ಲೇ ಕಾಣುತ್ತಿತ್ತು. ನಾನು ನೀರು ತಂದೆ. ಅಶ್ವತ್ಥಮ್ಮ ಮಾತ್ರ ಏನೂ ಕೇಳದೆ ಅವ್ವನ ಪಕ್ಕ ಕೂತು ಚೆಲ್ಲಿದ ಅಕ್ಕಿ ಆಯತೊಡಗಿದಳು. ಅಕ್ಕಿ ಆಯುವವಳ ಮುಖ ನೋಡುತ್ತಾ, ಯಾಕೋ, ಅವ್ವ ಅವಳಿಗೇ ಹೇಳಿದಳು. ನಮ್ಮ ಹತ್ತಿರ ಯಾವತ್ತೂ ಹೇಳದ್ದನ್ನು.

"ಇವನಿಗಿಂತ ಮುಂಚೆ ಮೂರು ಗಂಡು ಹೆತ್ತೆ ಕಣವ್ವ. ಮೂರನ್ನೂ ಇಲ್ಲಿಗೇ ತಂದು ದೇವರ ಹೆಸರೇ ಇಡಿಸಿದ್ದೆ. ಸುಬ್ಬರಾಯ ಅಂದೆ, ನಾಗರಾಜ ಅಂದೆ, ನರಸಿಂಹ ಅಂದೆ. ಹೆಸರಿಟ್ಟ ವರ್ಷದೊಳಗೆ ಒಂದೊಂದೇ ಹೋದ್ವು. ನಾಲ್ಕನೇದಕ್ಕೆ ಹಬೀಬಮ್ಮ ಬಂದ್ಳು ಹೆರಿಗೆ ಮಾಡ್ಸೋಕೆ. ಗಫಾರನ ಅಜ್ಜಿ. ಬೀದಿ ಮಕ್ಳಿಗೆಲ್ಲ ಅವ್ಳೇ ಸೂಲಗಿತ್ತಿ. ಮಾರಕ್ಕ, ಜವರಾಯ ಬಾಗಿಲಾಗೆ ನಿಂತು ಹೆಸರು ಕೇಳ್ಸ್ಕೊಂಡು, ಆ ಹೆಸರು ಹಿಡಿದು ಕೂಗ್ತಾನೆ. ಹೆಸರೇ ಇಲ್ದಿದ್ರೆ ಏನಂತ ಕೂಗ್ತಾನೆ? ಅಂದ್ಳು. ಕೂಸನ್ನ ಹಳೇ ಗೋಣಿತಾಟಲ್ಲಿ ಸುತ್ಕೊಂಡು ಬೀದಿ ಬಾಗಿಲಿಗೆ ಹೋಗಿ, ಜವರಾಯನ್ಗೆ ಕೇಳಂಗೆ, ಈ ಮನೇಲಿ ಬಚ್ಚಾ ಹುಟ್ಟಿಲ್ಲ, ಪಿಲ್ಲಾ ಹುಟ್ಟೈತೆ, ನಾಯಿಮರಿ ಬೇಕಾದೋರು ಬನ್ನಿ ಅಂತ ಕೂಗಿದ್ಳು. ಯಾರು ಬರ್ತಾರೆ ನಾಯಿಮರಿಗೆ? ನಾನೇ ಒಂದು ಮೊರ ತವುಡು ಕೊಟ್ಟು ಅವಳ ಕೈಯಿಂದ ಕೊಂಡ್ಕೊಂಡೆ. ಜನ ನಗೋವಂಥ ಹೆಸರಿರ್ಲಿ, ಜವರಾಯನೂ ನಕ್ಕೊಂಡು ಮುಂದಕ್ಕೋಗ್ತಾನೆ ಅಂದ್ಳು. ಅಣ್ಣ ಅಂತ ಬಾಲ ಸೇರಿಸಿದ್ದು ಇವನಪ್ಪ, ಮರ್ಯಾದೆಗೆ."

ಗಫಾರ್ ಮರದ ಆಚೆ ಬದಿಗೆ ಹೋಗಿ ನಿಂತ. ಅವನ ಭುಜ ಅಲುಗುತ್ತಿದ್ದದ್ದು ಕಾಣುತ್ತಿತ್ತು. ಅವನ ಅಜ್ಜಿ ಹಬೀಬುನ್ನೀಸಾ ತೀರಿಕೊಂಡು ಆಗ ಎಷ್ಟೋ ಕಾಲವಾಗಿತ್ತು. ನನ್ನನ್ನು ಈ ಲೋಕಕ್ಕೆ ತಂದ ಕೈಯೂ ಅದೇ, ನನಗೆ ಅವಳ ಮುಖ ಸರಿಯಾಗಿ ನೆನಪಿಲ್ಲ.

ಅಣ್ಣ ಕೂತಲ್ಲಿಂದಲೇ ಅವ್ವನ ಕೈ ಹಿಡಿದುಕೊಂಡಿದ್ದ. ಹೆಸರಿನ ಅರ್ಥ ಸಿಕ್ಕಿತ್ತು. ಕೊಳಲೂ ಅಲ್ಲ, ಗಣಪತಿಯೂ ಅಲ್ಲ. ಎಲ್ಲಕ್ಕಿಂತ ನಾಚಿಕೆ ತಂದಿದ್ದ ಆ ನಾಯಿಮರಿಯೇ ನಿಜ. ಅವನ ಮುಖದಲ್ಲಿ ನಾಚಿಕೆ ಮಾತ್ರ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ನನ್ನ ಪ್ರದ್ಯುಮ್ನ ಬೇಡ ಬಿಡಪ್ಪ. ನಿನ್ನದೇ ದೊಡ್ಡ ಪುರಾಣ" ಅಂದರು.

ಅವ್ವನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. "ಇಷ್ಟು ವರ್ಷ ಯಾರ್ಗೂ ಬಾಯಿ ಬಿಟ್ಟಿರ್ಲಿಲ್ಲ. ಇವತ್ತು ಹೇಳ್ಬಿಟ್ಟೆ. ಜವರಾಯನ್ಗೆ ಗೊತ್ತಾಗೋಯ್ತು. ಇನ್ನೇನು ಗತಿ?" ಎಂದು ಅಣ್ಣನ ಹಿಡಿತ ಬಿಡಿಸಿಕೊಂಡು ಮತ್ತೆ ಅವನ ಕಿವಿ ಮುಚ್ಚಿದಳು. ಏನು ಹೇಳಿ ಸಮಾಧಾನ ಮಾಡುವುದು? ಜವರಾಯ ಇಲ್ಲ ಎಂದರೆ ನಂಬುತ್ತಾಳೆಯೇ? ಮೂರು ಸಲ ಬಾಗಿಲಿಗೆ ಬಂದುಹೋಗಿದ್ದವನು.

ಅಶ್ವತ್ಥಮ್ಮ ಆಯ್ದ ಅಕ್ಕಿಯನ್ನು ಅವ್ವನ ಮಡಿಲಿಗೆ ಹಾಕಿದಳು.

"ಅವ್ನಿಗೇನೂ ಗೊತ್ತಾಗಲ್ಲ ಬಿಡಿ ಅತ್ತೆ. ಅವ್ನು ನಮ್ಮ ಸೀಮೆ ಕಡೆಯೋನೇ ಇರ್ಬೇಕು. ಬಾಗಿಲಾಗೆ ನಿಂತು ಪಿಲ್ಲ ಅಂತ ಕೇಳ್ಸ್ಕೊಂಡಿರ್ತಾನೆ. ಗಂಡು ಕೂಸಿಗೆ ಅಂತ ಬಂದ್ರೆ ಇಲ್ಲಿ ಹುಡುಗಿ ಹುಟ್ಟವ್ಳೆ ಅಂದ್ಕೊಂಡು ಹೋಗ್ಬಿಟ್ಟವ್ನೆ. ಇನ್ನೂ ಹಂಗೇ ತಿಳ್ಕೊಂಡಿರ್ತಾನೆ."

ಅವ್ವ ಅವಳನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಗುಳುಗುಳು ಎಂದು ನಗು ಎದ್ದಿತು. ಕಣ್ಣಲ್ಲಿ ನೀರು ಸುರಿಯುತ್ತಲೇ ನಕ್ಕಳು. ಅಣ್ಣ ನಕ್ಕ, ಮರದ ಆಚೆಯಿಂದ ಗಫಾರ್ ನಕ್ಕ. ನಾನು ನಗಲಿಲ್ಲ. ನನ್ನ ಕಿವಿ ಒಂದೇ ಮಾತಿಗೆ ಅಂಟಿಕೊಂಡಿತ್ತು.

"ಏನಂದೆ ನೀನು?" ಎಂದು ಕೇಳಿದೆ.

"ಏನಂದೆ?"

"ಅತ್ತೆ ಅಂದೆ."

ಅಶ್ವತ್ಥಮ್ಮ ನಾಲಗೆ ಕಚ್ಚಿಕೊಂಡು ಸೀರೆ ಸೆರಗಿನಲ್ಲಿ ಮುಖ ಮುಚ್ಚಿದಳು. ಬೈರಣ್ಣ ಉಸ್ಸೆಂದು ಉಸಿರುಬಿಟ್ಟು, "ತಾಂಬೂಲದ ತಟ್ಟೆ ಎಲ್ಲಮ್ಮ?" ಅಂದ. ಅಕ್ಕಿ ಹಾರಿದ ತಟ್ಟೆಯನ್ನೇ ಒರೆಸಿ ಎಲೆ ಅಡಿಕೆ ಇಟ್ಟೆವು.

ಮದುವೆ ಮುಗಿಸಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿದರು. ಅವಳ ಊರಿನ ಆ ಕೋತಿಗಳ ದಂಡೂ ಜೊತೆಗೆ ಬಂದಿತ್ತು. ಆರತಿ ತಟ್ಟೆ ನನ್ನ ಕೈಯಲ್ಲಿ. ಅವ್ವ ಗಂಡನಿಲ್ಲದವಳು ಎಂದು ಒಳಗೆ ಕತ್ತಲೆಯಲ್ಲಿ ನಿಂತಿದ್ದಳು. ಹೊಸ್ತಿಲಲ್ಲಿ ಗಂಡನ ಹೆಸರು ಹೇಳದೆ ಹೆಣ್ಣನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಒಂದೇ ಸಲ ಬಾಯಿ ತುಂಬ ಹೇಳುವುದು. ಆಮೇಲೆ ಜನ್ಮಪೂರ್ತಿ ಹೇಳುವಂತಿಲ್ಲ.

"ಹೆಸರು ಹೇಳೇ" ಎಂದೆವು.

"ಪಿಳ್ಳಣ್ಣ" ಎಂದು ಅಶ್ವತ್ಥಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

ಕಾದಿದ್ದ ಅವಳ ಊರಿನ ಹುಡುಗಿಯರು ಕೇಕೆ ಹಾಕಿದರು. ನಮ್ಮ ಬೀದಿಯವರಿಗೂ ಅಷ್ಟು ಹೊತ್ತಿಗೆ ತೆಲುಗಿನ ಅರ್ಥ ಗೊತ್ತಾಗಿತ್ತು, ಅವರೂ ನಕ್ಕರು. "ಅರ್ಥ ಹೇಳೇ, ಅರ್ಥ! ಅರ್ಥ ಸಿಗದೆ ಮದುವೆ ಆಗಲ್ಲ ಅಂದಿದ್ಯಲ್ಲ, ಏನಂತೆ ಅರ್ಥ?" ಎಂದು ಆ ಕೋತಿ ಮುಂದೆ ಬಂದು ಕೇಳಿತು.

ನನಗೆ ನಾಲಗೆ ತುರಿಸಿತು. ಹೇಳೇ, ಹೇಳಿಬಿಡೇ ಎಂದು ಮನಸ್ಸಿನಲ್ಲೇ ಚುಚ್ಚಿದೆ. ಅವಳು ಬಾಯಿ ಬಿಟ್ಟಿದ್ದರೆ ಅಲ್ಲಿದ್ದ ಒಬ್ಬಳೂ ನಗುತ್ತಿರಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಇದಕ್ಕೇ ತಾನೇ ಅವಳು ಅರ್ಥ ಕೇಳಿದ್ದು? ಅಶ್ವತ್ಥಮ್ಮ ನನ್ನ ಹೆಗಲ ಮೇಲಿಂದ ಒಳಗೆ ನೋಡಿದಳು. ಅಲ್ಲಿ ಅವ್ವ, ಬಾಗಿಲಾಚೆ ಯಾರೋ ಕಿವಿಗೊಟ್ಟು ನಿಂತಿರುವ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಅರ್ಥಾನೂ ಇಲ್ಲ, ಗಿರ್ಥಾನೂ ಇಲ್ಲ ಕಣ್ರೇ. ಸುಮ್ಕೆ ಇಟ್ಟವ್ರೆ. ನಗ್ರಿ, ಚೆನ್ನಾಗಿ ನಗ್ರಿ" ಅಂದಳು ನಮ್ಮ ಅತ್ತಿಗೆ.

ಅವರು ಇನ್ನಷ್ಟು ನಕ್ಕರು. ಆ ನಗುವಿನ ನಡುವೆಯೇ ಅವ್ವ ಕತ್ತಲೆಯಿಂದ ಹೊರಗೆ ಬಂದಳು. ಶುಭಕಾರ್ಯದಲ್ಲಿ ಹೊಸ್ತಿಲಿಗೆ ಬರಬಾರದವಳು ನನ್ನನ್ನೂ ಆರತಿಯನ್ನೂ ಪಕ್ಕಕ್ಕೆ ಸರಿಸಿ ಸೊಸೆಯ ಕೈ ಹಿಡಿದಳು. ಯಾರೂ ಬೇಡ ಅನ್ನಲಿಲ್ಲ. ಬಲಗಾಲಿಟ್ಟು ಬಾ ಎಂದು ಹೇಳಬೇಕಾದವಳು ನಾನು. ಆ ಮಾತನ್ನೂ ಅವ್ವನೇ ಹೇಳಿದಳು.